ಅರ್ಜಿ ತಗೊಂಡ್ರು ಸರಿ, ಉತ್ತರ ಯಾವಾಗ?

 

ಈ ವಾರದ ವಿಷಯ ಮೇಲ್ನೋಟಕ್ಕೆ ತುಂಬಾ ಸಪ್ಪೆ. ಸರ್ಕಾರಕ್ಕೆ ಜನ ಬರೆಯೋ ಪತ್ರ. ಅರ್ಜಿ, ಮನವಿ, ದೂರು, ಏನು ಬೇಕಾದರೂ ಕರೀರಿ. ಕಚೇರಿ ಕಿಟಕಿಯಲ್ಲಿ ಕೊಡ್ತೀವಿ. ಗುಮಾಸ್ತರು ನಮ್ಮ ಪ್ರತಿಗೆ ಸೀಲು ಹೊಡೆದು, ತಾರೀಖು ಹಾಕಿ ವಾಪಸ್ ಕೊಡ್ತಾರೆ. ಆ ಸೀಲಿನಲ್ಲಿ ಇರೋದು ಅರ್ಜಿ ಒಳಗೆ ಬಂದ ತಾರೀಖು. ಉತ್ತರ ಹೊರಗೆ ಬರೋ ತಾರೀಖು ಅದರಲ್ಲಿ ಇರಲ್ಲ. ಇವತ್ತಿನ ಕಥೆ ಪೂರ್ತಿ ಆ ಎರಡನೇ ತಾರೀಖಿನದ್ದು. ಅದಕ್ಕೆ ಮುನ್ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ.

ಕಬ್ಬಾಳಿನಿಂದ ಶುರು ಮಾಡೋಣ. ಕನಕಪುರ ತಾಲ್ಲೂಕು, ಸಾತನೂರು ಹೋಬಳಿ. ಬಹಳ ಜನಕ್ಕೆ ಈ ಊರು ಗೊತ್ತಿರೋದು ಕಬ್ಬಾಳಮ್ಮನಿಂದ. ಮಂಗಳವಾರ, ಶುಕ್ರವಾರ ಬಂದರೆ ಹರಕೆ ಹೊತ್ತವರ ಗುಂಪು. ಹಿಂದೆ ಕಬ್ಬಾಳದುರ್ಗ, ಬುಡದಿಂದ ನೋಡಿದರೆ ಕುತ್ತಿಗೆ ನೋಯೋ ಹಾಗೆ ಎದ್ದು ನಿಂತ ಬಂಡೆ ಬೆಟ್ಟ. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಆ ಕೋಟೆಯನ್ನ ಸೆರೆಮನೆಯಾಗಿ ಬಳಸ್ತಿದ್ದರು. ಸುತ್ತ ಕಾಡು. ಕಾಡಲ್ಲಿ ಆನೆ. ರಾಗಿ ತೆನೆ ಕಟ್ಟೋ ಹೊತ್ತಿಗೆ, ಬಾಳೆ ಗೊನೆ ಬಿಡೋ ಹೊತ್ತಿಗೆ ಆನೆ ಹೊಲಕ್ಕೆ ಇಳಿಯೋದು ಈ ಸೀಮೆಗೆ ಹೊಸದಲ್ಲ.

ಈಗ ಒಬ್ಬ ರೈತನನ್ನ ಊಹೆ ಮಾಡ್ಕೊಳ್ಳಿ. ಕಾಡಂಚಿನ ಸೋಲಾರ್ ಬೇಲಿ ಕೆಟ್ಟು ನಿಂತಿದೆ, ರಿಪೇರಿ ಮಾಡಿಸಿ ಅಂತ ಅವರು ಜಿಲ್ಲಾಧಿಕಾರಿಗೆ ಪತ್ರ ಬರೀತಾರೆ. ವಿಳಾಸದಲ್ಲಿ ಯಾವ ಜಿಲ್ಲೆ ಬರೀಬೇಕು? ಅವರ ತಾತ ಬರೆದಿದ್ದರೆ ಬೆಂಗಳೂರು ಜಿಲ್ಲೆ. 1986ರ ನಂತರ ಅಪ್ಪ ಬರೆದಿದ್ದರೆ ಬೆಂಗಳೂರು ಗ್ರಾಮಾಂತರ. 2007ರ ನಂತರ ರಾಮನಗರ. 2025ರಿಂದ ಬೆಂಗಳೂರು ದಕ್ಷಿಣ. ಊರು ಇದ್ದಲ್ಲೇ ಇದೆ, ಬೆಟ್ಟ ಇದ್ದಲ್ಲೇ ಇದೆ. ನಾಲ್ಕು ದಶಕದಲ್ಲಿ ಲಕೋಟೆ ಮೇಲಿನ ಜಿಲ್ಲೆ ಮೂರು ಸಲ ಬದಲಾಗಿದೆ.

ಹೆಸರು ಯಾವುದಾದರೂ ಪತ್ರದ ದಾರಿ ಮಾತ್ರ ಒಂದೇ. ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗದಲ್ಲಿ ನಂಬರ್ ಬೀಳುತ್ತೆ. ವಿಷಯ ನಿರ್ವಾಹಕರ ಟೇಬಲ್‌ಗೆ ಬರುತ್ತೆ. ಅವರು ಟಿಪ್ಪಣಿ ಬರೆದು ಮೇಲಕ್ಕೆ ಮಂಡಿಸ್ತಾರೆ. ಮೇಲಿನವರು ಸಹಿ ಹಾಕಿ ಇನ್ನೂ ಮೇಲಕ್ಕೆ. ಕೊನೆಗೆ ಒಂದು ಸಾಲು ಬರುತ್ತೆ: ‘ಕೆಳಗಿನ ಕಚೇರಿಯಿಂದ ವರದಿ ಪಡೆಯುವುದು.’ ಅಲ್ಲಿಗೆ ಪತ್ರ ಇಳಿಯೋಕೆ ಶುರು. ಸಂಬಂಧಪಟ್ಟ ಇಲಾಖೆ, ಅದರ ತಾಲ್ಲೂಕು ಮಟ್ಟದ ಕಚೇರಿ, ಅಲ್ಲಿಂದ ಸಾತನೂರು. ಕೊನೆಗೆ ಬಂದು ಸೇರೋದು ಎಲ್ಲಿಗೆ ಗೊತ್ತಾ? ಬಹಳ ಸಲ, ಬೇಲಿ ರಿಪೇರಿ ಮಾಡಿಲ್ಲ ಅಂತ ದೂರಿದ್ದೆವಲ್ಲ, ಅದೇ ಕಚೇರಿಗೆ. ಮುಖ್ಯಮಂತ್ರಿಗೆ ಬರೆದರೂ ಕಥೆ ಇದೇ, ಮೆಟ್ಟಿಲು ಒಂದೆರಡು ಜಾಸ್ತಿ ಅಷ್ಟೇ. ಈ ವೃತ್ತವನ್ನ ತಲೆಯಲ್ಲಿ ಇಟ್ಕೊಂಡಿರಿ, ಮುಂದೆ ಮತ್ತೆ ಸಿಗುತ್ತೆ.

ಈಗ ಸುಮಾರು 1700ನೇ ಇಸವಿಗೆ ಹೋಗೋಣ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆ. ಅಹ್ಮದ್‌ನಗರದಲ್ಲಿದ್ದ ಮೊಘಲ್ ದರ್ಬಾರಿಗೆ ಹೋಗಿ ಬಂದ ರಾಯಭಾರಿಗಳು ಅಲ್ಲಿನ ಇಲಾಖೆಗಳ ವ್ಯವಸ್ಥೆ ವಿವರಿಸಿದರು, ಅದರ ಮೇಲೆ ಒಡೆಯರು ಆಡಳಿತವನ್ನ ಹದಿನೆಂಟು ಚಾವಡಿಗಳಾಗಿ ಹಂಚಿದರು ಅಂತ ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿದ್ದಾರೆ. ಅದೇ ‘ಅಠಾರಾ ಕಚೇರಿ’. ಬೆಂಗಳೂರಲ್ಲಿ ವಿಧಾನಸೌಧದ ಎದುರಿಗಿರೋ ಕೆಂಪು ಹೈಕೋರ್ಟ್ ಕಟ್ಟಡಕ್ಕೆ ಈಗಲೂ ಅದೇ ಹೆಸರು.

ವಿಲ್ಕ್ಸ್ ಕೊಡೋ ಪಟ್ಟಿಯಲ್ಲಿ ಮೊದಲನೇ ಇಲಾಖೆ ಯಾವುದು? ಸೈನ್ಯ ಅಲ್ಲ, ಖಜಾನೆ ಅಲ್ಲ. ‘ನಿರೂಪದ ಚಾವಡಿ’. ನಿರೂಪ ಅಂದ್ರೆ ಮೇಲಿನವರು ಕೆಳಗಿನವರಿಗೆ ಕೊಡೋ ಆಜ್ಞಾಪತ್ರ. ಅರ್ಜಿ, ಅಹವಾಲು ತಗೊಂಡು, ಅರಸರಿಗೆ ಒಪ್ಪಿಸಿ, ಅದರ ಮೇಲಿನ ಆಜ್ಞೆ ಹೊರಡಿಸೋದು ಈ ಚಾವಡಿಯ ಕೆಲಸ. ಅಂದ್ರೆ ಅರ್ಜಿ ಸ್ವೀಕರಿಸೋ ಕಿಟಕಿ ನಮ್ಮ ನಾಡಲ್ಲಿ ಮುನ್ನೂರು ವರ್ಷದ ಹಿಂದೆಯೇ ಇತ್ತು.

ಅದೇ ಕಾಲದಲ್ಲಿ ಅಂಚೆ ವ್ಯವಸ್ಥೆಯೂ ಬಂತು. ಆದರೆ ಆ ಅಂಚೆ ನಮ್ಮ ನಿಮ್ಮ ಪತ್ರ ಮುಟ್ಟಿಸೋಕೆ ಹುಟ್ಟಿದ್ದಲ್ಲ. ಸರ್ಕಾರದ ಕಾಗದ ಒಯ್ಯೋದರ ಜೊತೆಗೆ ಊರೂರಿನ ಗುಟ್ಟನ್ನ ಅರಸನ ಕಿವಿಗೆ ಮುಟ್ಟಿಸೋದು ಅದರ ಇನ್ನೊಂದು ಕೆಲಸ. ಗೂಢಚಾರಿಕೆ ಅಂತಲೇ ವಿಲ್ಕ್ಸ್ ವರ್ಣಿಸ್ತಾರೆ. ಸುದ್ದಿ ಕೆಳಗಿನಿಂದ ಮೇಲಕ್ಕೆ ಬೇಗ ಬೇಗ ಹೋಗಲಿ ಅನ್ನೋ ಅವಸರ ಆಳೋರಿಗೆ ಯಾವಾಗಲೂ ಇತ್ತು. ಮೇಲಿನಿಂದ ಕೆಳಕ್ಕೆ ಉತ್ತರ ಬೇಗ ಹೋಗಲಿ ಅನ್ನೋದಕ್ಕೆ ಯಾರಿಗೂ ಅವಸರ ಇರಲಿಲ್ಲ.

ಉತ್ತರ ಬರದೇ ಇದ್ದರೆ ಏನಾಗುತ್ತೆ? 1830ರಲ್ಲಿ ನಗರ ಸೀಮೆ, ಅಂದ್ರೆ ಇವತ್ತಿನ ಶಿವಮೊಗ್ಗದ ಕಡೆ, ಅದನ್ನ ತೋರಿಸಿತು. ಇಷ್ಟು ಕಂದಾಯ ತಂದುಕೊಡ್ತೀನಿ ಅಂತ ಅಮಲ್ದಾರರು ಸರ್ಕಾರಕ್ಕೆ ಒಪ್ಪಂದ ಮಾಡಿಕೊಳ್ಳೋ ‘ಶರತು’ ಪದ್ಧತಿ ಆಗ ಇತ್ತು. ಮೊತ್ತ ಮುಟ್ಟಿಸೋಕೆ ರೈತರನ್ನ ಹಿಂಡಿದ್ದೇ ಹಿಂಡಿದ್ದು. ರೈತರು ದೂರಿದರು. ಆದರೆ ದೂರು ಯಾರ ಮೇಲೋ ಅವರ ಕಡೆಯವರೇ ದರ್ಬಾರಿನಲ್ಲೂ ಪ್ರಭಾವಿಗಳು. ಆಗಲೇ ಹೇಳಿದ ವೃತ್ತ ಇದೇ ನೋಡಿ. ದೂರು ಸುತ್ತಿ ಸುತ್ತಿ ದೂರಿಸಿಕೊಂಡವರ ಹತ್ತಿರಕ್ಕೇ ಬರ್ತಿತ್ತು. ರೈತರು ಅರ್ಜಿ ಕೊಡೋದು ಬಿಟ್ಟು ಕೂಟ ಸೇರಿದರು, ಕಂದಾಯ ನಿಲ್ಲಿಸಿದರು. ಕೂಟ ದಂಗೆಯಾಯಿತು. 1831ರಲ್ಲಿ ಬ್ರಿಟಿಷರು ಇದನ್ನೇ ಕಾರಣ ಮಾಡಿಕೊಂಡು ಮೈಸೂರಿನ ಆಡಳಿತ ಕೈಗೆ ತಗೊಂಡರು. ಮುಂದಿನ ಐವತ್ತು ವರ್ಷ ಕಮಿಷನರುಗಳ ರಾಜ್ಯಭಾರ.

1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂತು. ಆ ವರ್ಷವೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಮೊದಲ ಸಭೆಗೆ ಬಂದವರು 144 ಜನ. ಊರಿನ ಕಷ್ಟ ಸುಖವನ್ನ ದಿವಾನರ ಮುಂದೆ ಇಡಬಹುದಿತ್ತು. ಇದು ದೊಡ್ಡ ಹೆಜ್ಜೆ, ಅನುಮಾನವೇ ಇಲ್ಲ. ಆದರೆ ಸಭೆಗೆ ಕಾನೂನಿನ ಬಲ ಸಿಕ್ಕಿದ್ದು 1923ರಲ್ಲಿ. ಅಲ್ಲಿವರೆಗೆ ನಾಲ್ಕು ದಶಕ, ಕೇಳೋ ಹಕ್ಕು ಸರ್ಕಾರ ಕೊಟ್ಟ ಅವಕಾಶವಾಗಿತ್ತೇ ಹೊರತು ಕಾನೂನಿನದ್ದಾಗಿರಲಿಲ್ಲ. ಈ ನಡುವೆ, 1889ರಲ್ಲಿ, ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ವಿಲೀನ ಆಯಿತು. ಊರಿಂದ ಊರಿಗೆ ಪತ್ರ ಹೋಗೋ ಸಮಯ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಾ ಬಂತು. ಕಚೇರಿ ಒಳಗೆ ಒಂದು ಟೇಬಲ್‌ನಿಂದ ಪಕ್ಕದ ಟೇಬಲ್‌ಗೆ ಹೋಗೋ ಸಮಯ ಮಾತ್ರ ಕಡಿಮೆ ಆಗಲಿಲ್ಲ.

ಇದು ನಮ್ಮ ರಾಜ್ಯದ್ದೇ ಕಾಯಿಲೆ ಅಂದ್ಕೋಬೇಡಿ. 1899ರಲ್ಲಿ ವೈಸ್‌ರಾಯ್ ಆಗಿ ಬಂದ ಕರ್ಜನ್‌ಗೆ ಇದೇ ತಲೆನೋವು. ಕಡತಗಳು ಭೂಮಿ ತಿರುಗಿದ ಹಾಗೆ ಗಂಭೀರವಾಗಿ, ನಿಧಾನವಾಗಿ ಸುತ್ತುತ್ತಲೇ ಇರ್ತವೆ ಅಂತ ಆತ ಗೊಣಗಿದ್ದು ಆಡಳಿತದ ಇತಿಹಾಸ ಓದೋರಿಗೆಲ್ಲ ಗೊತ್ತು. ವೈಸ್‌ರಾಯ್‌ಗೇ ಹೀಗಾದರೆ ಕಬ್ಬಾಳಿನ ರೈತನ ಪಾಡು ಕೇಳಬೇಕಾ?

ಈಗ ನಮ್ಮ ಸೀಮೆಯವರೇ ಒಬ್ಬರು ಕಥೆ ಒಳಗೆ ಬರ್ತಾರೆ. ಕೆಂಗಲ್ ಹನುಮಂತಯ್ಯ. ರಾಮನಗರ ಹತ್ತಿರದ ಲಕ್ಕಪ್ಪನಹಳ್ಳಿಯವರು, 1908ರಲ್ಲಿ ಹುಟ್ಟಿದವರು, ವಕೀಲರು, 1952ರಿಂದ 1956ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ. ವಿಧಾನಸೌಧ ಅಂದ ತಕ್ಷಣ ನೆನಪಾಗೋ ಹೆಸರು. ಆ ಕಟ್ಟಡದ ಮೇಲಿರೋ ‘ಸರ್ಕಾರದ ಕೆಲಸ ದೇವರ ಕೆಲಸ’ ಅನ್ನೋ ಸಾಲನ್ನ ಇವತ್ತು ಎಲ್ಲರೂ ತಮಾಷೆಗೆ ಬಳಸ್ತೀವಿ. ಮೀಮ್ ಮಾಡ್ತೀವಿ. ನಮ್ಮಲ್ಲಿ ಗಾದೆ ಬೇರೆ ಇದೆಯಲ್ಲ, ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅಂತ.

ಆದರೆ ಹನುಮಂತಯ್ಯನವರ ಕಥೆ ಆ ಗೋಡೆಗೇ ನಿಲ್ಲಲ್ಲ. 1966ರಲ್ಲಿ ಕೇಂದ್ರ ಸರ್ಕಾರ ದೇಶದ ಮೊದಲ ಆಡಳಿತ ಸುಧಾರಣಾ ಆಯೋಗ ಮಾಡಿತು. ಮೊದಲ ಅಧ್ಯಕ್ಷ ಮೊರಾರ್ಜಿ ದೇಸಾಯಿ. ಅವರು 1967ರಲ್ಲಿ ಉಪಪ್ರಧಾನಿ ಆದ ಮೇಲೆ ಆ ಕುರ್ಚಿಗೆ ಬಂದವರು ನಮ್ಮ ಕೆಂಗಲ್. ಆಯೋಗ ಒಟ್ಟು 20 ವರದಿ ಕೊಟ್ಟಿತು. ಅದರಲ್ಲಿ ಎರಡು ವಿಷಯ ನಮಗೆ ಮುಖ್ಯ.

ಮೊದಲನೇದು, ಮೊರಾರ್ಜಿ ಇದ್ದಾಗಲೇ 1966ರ ಅಕ್ಟೋಬರ್‌ನಲ್ಲಿ ಬಂದ ಮೊಟ್ಟಮೊದಲ ವರದಿ. ಅದರ ವಿಷಯವೇ ನಾಗರಿಕರ ಕುಂದುಕೊರತೆ. ಸ್ವೀಡನ್‌ನಲ್ಲಿ 1809ರಿಂದ ‘ಓಂಬುಡ್ಸ್‌ಮನ್’ ಅನ್ನೋ ಹುದ್ದೆ ಇದೆ, ಅಧಿಕಾರಿಗಳ ಮೇಲಿನ ದೂರನ್ನ ಅವರ ಕೈಕೆಳಗಲ್ಲದ ಒಬ್ಬರು ವಿಚಾರಿಸೋದು. ಆ ಮಾದರಿಯಲ್ಲಿ ಲೋಕಪಾಲ, ಲೋಕಾಯುಕ್ತ ಬೇಕು ಅಂತ ಆಯೋಗ ಹೇಳಿತು. ವೃತ್ತ ಮುರಿಯೋ ಮೊದಲ ಗಂಭೀರ ಯತ್ನ ಇದು.

ಎರಡನೇದು ಹನುಮಂತಯ್ಯನವರ ಕಾಲದ್ದು. 1968ರ ವರದಿಯಲ್ಲಿ, ಮಂತ್ರಿಯ ಕೆಳಗೆ ಒಂದು ಕಡತವನ್ನ ಪರಿಶೀಲಿಸೋ ಹಂತಗಳು ಎರಡೇ ಇರಲಿ, ಒಂದೊಂದು ವಿಷಯಕ್ಕೆ ಜವಾಬ್ದಾರಿ ಹೊತ್ತ ‘ಡೆಸ್ಕ್ ಅಧಿಕಾರಿ’ ಇರಲಿ ಅಂತ ಶಿಫಾರಸು ಬಂತು. ಅರ್ಥ ಸರಳ. ಏಳು ಜನ ಸಹಿ ಹಾಕೋ ಕಡತಕ್ಕೆ ಯಾರೂ ಹೊಣೆ ಅಲ್ಲ. ಇಬ್ಬರು ಸಹಿ ಹಾಕಿದರೆ ತಡ ಯಾರ ಟೇಬಲ್‌ನಲ್ಲಿ ಆಯಿತು ಅಂತ ಕೇಳಬಹುದು. ದೇವರ ಕೆಲಸ ಅಂತ ಕಲ್ಲಲ್ಲಿ ಕೆತ್ತಿಸಿದ ಮನುಷ್ಯ ಹತ್ತು ಹನ್ನೆರಡು ವರ್ಷದಲ್ಲಿ, ಭಕ್ತಿ ಸಾಲದು, ಹೆಸರೂ ಲೆಕ್ಕವೂ ಬೇಕು ಅನ್ನೋ ಕಡೆಗೆ ಬಂದಿದ್ದರು. ಮೀಮ್ ಮಾಡೋವಾಗ ಇದನ್ನೂ ನೆನಪಿಟ್ಕೊಳ್ಳೋಣ.

ಕರ್ನಾಟಕದಲ್ಲಿ ಲೋಕಾಯುಕ್ತ ಕಾಯ್ದೆ ಬಂದಿದ್ದು 1984ರಲ್ಲಿ. ನಮಗೆ ಲೋಕಾಯುಕ್ತ ಅಂದ್ರೆ ಲಂಚದ ದಾಳಿ, ಟಿವಿಯಲ್ಲಿ ನೋಟಿನ ಕಂತೆ. ಆದರೆ ಆ ಕಾಯ್ದೆ ‘ದುರಾಡಳಿತ’ಕ್ಕೆ ಕೊಟ್ಟ ಅರ್ಥದಲ್ಲಿ ಮಿತಿಮೀರಿದ ವಿಳಂಬವೂ ಸೇರಿದೆ. ತಡ ಮಾಡೋದು ಕೂಡ ಅನ್ಯಾಯ ಅಂತ ಕಾನೂನಿನ ಪುಸ್ತಕದಲ್ಲಿ ಬಂತು. ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಎಷ್ಟು ದಿನ ಆದರೆ ಮಿತಿ ಮೀರಿದ ಹಾಗೆ?

ಅದಕ್ಕೆ ಸಂಖ್ಯೆಯಲ್ಲಿ ಉತ್ತರ ಕೊಟ್ಟಿದ್ದು 2005ರ ಮಾಹಿತಿ ಹಕ್ಕು ಕಾಯ್ದೆ. 30 ದಿನ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆ ಆದರೆ 48 ಗಂಟೆ. ತಪ್ಪು ಕಚೇರಿಗೆ ಅರ್ಜಿ ಹಾಕಿದರೆ ‘ನಮಗೆ ಸಂಬಂಧ ಇಲ್ಲ’ ಅಂತ ಕಳಿಸೋ ಹಾಗಿಲ್ಲ, 5 ದಿನದೊಳಗೆ ಸರಿಯಾದ ಕಚೇರಿಗೆ ಅವರೇ ವರ್ಗಾಯಿಸಬೇಕು. ತಕ್ಕ ಕಾರಣ ಇಲ್ಲದೆ ತಡ ಮಾಡಿದರೆ ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿ, ಗರಿಷ್ಠ 25,000 ದಂಡ. ಇದು ಪತ್ರದಲ್ಲಿ ಕೇಳಿದ ಕೆಲಸಕ್ಕಲ್ಲ, ಮಾಹಿತಿಗೆ ಮಾತ್ರ. ಆದರೂ ಸರ್ಕಾರಕ್ಕೆ ಬರೆದ ಕಾಗದಕ್ಕೆ ಗಡುವು, ಹೊಣೆ, ದಂಡ ಮೂರೂ ಒಟ್ಟಿಗೆ ಬಂದವು.

ಆಮೇಲೆ ಸಕಾಲ. ಕಾಯ್ದೆ 2011ರದ್ದು. 2012ರ ಮಾರ್ಚ್‌ನಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ತಾಲ್ಲೂಕುಗಳಲ್ಲಿ ಪ್ರಯೋಗ, ಏಪ್ರಿಲ್‌ನಿಂದ ಇಡೀ ರಾಜ್ಯಕ್ಕೆ. ಶುರುವಿನಲ್ಲಿ 11 ಇಲಾಖೆಗಳ 151 ಸೇವೆ, ಈಗ ಸಾವಿರಕ್ಕೂ ಹೆಚ್ಚು. ಅರ್ಜಿ ಕೊಟ್ಟ ತಕ್ಷಣ 15 ಅಂಕಿಯ ನಂಬರ್ ಸಿಗುತ್ತೆ, ಯಾವತ್ತಿನೊಳಗೆ ಕೆಲಸ ಆಗಬೇಕು ಅನ್ನೋ ತಾರೀಖು ಸಿಗುತ್ತೆ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ನಿರೂಪದ ಚಾವಡಿಯಿಂದ ಶುರುವಾದ ಕಥೆಯಲ್ಲಿ ಅರ್ಜಿದಾರನ ಕೈಗೆ ಎರಡನೇ ತಾರೀಖು ಬಂದಿದ್ದು ಹೀಗೆ.

ಇಲ್ಲಿ ನನ್ನೊಳಗಿನ ಬಿ.ಕಾಂ. ಎದ್ದು ಕೂರುತ್ತೆ, ಕ್ಷಮಿಸಿ. ಅಂಗಡಿ ಲೆಕ್ಕದಲ್ಲಿ ಬರಬೇಕಾದ ಬಾಕಿಯನ್ನ ವಯಸ್ಸಿನ ಪ್ರಕಾರ ವಿಂಗಡಿಸ್ತೀವಿ: 30 ದಿನದ ಬಾಕಿ, 60 ದಿನದ್ದು, 90 ದಾಟಿದ್ದು. ಹಳೇದಾದಷ್ಟೂ ಅದರ ಬೆನ್ನು ಹತ್ತಬೇಕು. ನನ್ನ ಪ್ರಕಾರ ಪತ್ರವೂ ಒಂದು ಬಾಕಿ, ಸರ್ಕಾರ ನಮಗೆ ಕೊಡಬೇಕಾದ ಉತ್ತರದ ಬಾಕಿ. ಈಗ ಭಾಗಾಕಾರ ಮಾಡಿ. 500 ಭಾಗಿಸು 20, 25 ದಿನ. ಅಂದ್ರೆ ಗಡುವು ಮೀರಿ 25 ದಿನ ಆದ ಮೇಲೆ ಆ ಪರಿಹಾರದ ಮೊತ್ತ ಏರಲ್ಲ. 26ನೇ ದಿನದ ತಡವೂ 260ನೇ ದಿನದ ತಡವೂ ಅದೇ ಬೆಲೆಗೆ. ಮಾಹಿತಿ ಹಕ್ಕಲ್ಲಿ 25,000 ಭಾಗಿಸು 250, 100 ದಿನ. ಪದೇ ಪದೇ ತಪ್ಪಿದರೆ ಶಿಸ್ತು ಕ್ರಮಕ್ಕೂ ಅವಕಾಶ ಇದೆ, ಇಲ್ಲ ಅಂತಲ್ಲ. ಆದರೆ ಬಾಕಿ ಹಳೇದಾದಷ್ಟೂ ಅಗ್ಗ ಆಗೋ ಲೆಕ್ಕವನ್ನ ಯಾವ ಅಂಗಡಿಯವರೂ ಬರೆಯಲ್ಲ.

ಕಿಟಕಿಯ ಆ ಕಡೆ ಕೂತವರ ಬಗ್ಗೆಯೂ ನ್ಯಾಯವಾಗಿ ಮಾತಾಡೋಣ. ಖಾಲಿ ಹುದ್ದೆ ಇದ್ದಲ್ಲಿ ಒಬ್ಬರೇ ಎರಡು ಮೂರು ಜನರ ಟೇಬಲ್ ನೋಡ್ಕೋಬೇಕು. ಚುನಾವಣೆ, ಗಣತಿ, ಬರ ಪರಿಹಾರ ಅಂತ ಮಧ್ಯೆ ಮಧ್ಯೆ ಬೇರೆ ಕೆಲಸ. ವರ್ಗಾವಣೆ ಆದರೆ ಹೊಸಬರು ಕಡತವನ್ನ ಮೊದಲನೇ ಪುಟದಿಂದ ಓದಬೇಕು. ತಪ್ಪು ನಿರ್ಧಾರಕ್ಕೆ ನೋಟಿಸ್ ಬರುತ್ತೆ, ನಿರ್ಧಾರ ಮಾಡದೇ ಇದ್ದಿದ್ದಕ್ಕೆ ಬರೋದು ಅಪರೂಪ. ಇಂಥ ಕಡೆ ಕಡತವನ್ನ ಪಕ್ಕದ ಟೇಬಲ್‌ಗೆ ತಳ್ಳೋದು ಸೋಮಾರಿತನಕ್ಕಿಂತ ಹೆಚ್ಚಾಗಿ ಜಾಣತನ. ಅದಕ್ಕೇ ಒಳ್ಳೆ ಅಧಿಕಾರಿ ಬಂದರೆ ಎಲ್ಲ ಸರಿ ಹೋಗುತ್ತೆ ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ಒಳ್ಳೆ ಅಧಿಕಾರಿಗೂ ವರ್ಗಾವಣೆ ಆಗುತ್ತೆ. ತಾರೀಖಿಗೆ ಆಗಲ್ಲ.

ಈಗ ಕಬ್ಬಾಳಿನ ಆ ರೈತನ ಹತ್ತಿರ ವಾಪಸ್ ಬರೋಣ. ಅವರ ಮಗಳ ಜಾತಿ ಪ್ರಮಾಣಪತ್ರಕ್ಕೆ ಸಕಾಲದ ನಂಬರ್ ಇದೆ, ತಾರೀಖು ಇದೆ. ಅದೇ ಮನುಷ್ಯ ಆನೆ ಬೇಲಿ ರಿಪೇರಿ ಮಾಡಿಸಿ ಅಂತ ಬರೆದ ಪತ್ರ? ಬೇಲಿ ರಿಪೇರಿ ಅನ್ನೋದು ಪ್ರಮಾಣಪತ್ರದ ಹಾಗೆ ಪಟ್ಟಿಯಲ್ಲಿ ಹೆಸರಿಸಬಹುದಾದ ಸೇವೆ ಅಲ್ಲ. ಚರಂಡಿ, ಬಸ್ಸು, ಶಾಲೆಗೆ ಮೇಷ್ಟ್ರು, ಊರ ಕೆರೆ ಒತ್ತುವರಿ, ಹೀಗೆ ಜನ ನಿಜವಾಗಿ ಬರೆಯೋ ಎಷ್ಟೋ ಪತ್ರಗಳು ಇದೇ ಗುಂಪಿನವು. 1902ಕ್ಕೆ ಫೋನ್ ಮಾಡಿ ಸರ್ಕಾರದ ಕುಂದುಕೊರತೆ ವ್ಯವಸ್ಥೆಯಲ್ಲಿ ದಾಖಲಿಸಬಹುದು. ಕೇಂದ್ರದ ಇಂಥದ್ದೇ ಪೋರ್ಟಲ್‌ಗೆ 2024ರಲ್ಲಿ 21 ದಿನದ ಗಡುವು ಹಾಕಿದ್ದಾರೆ. ಆದರೆ ಅದು ಸರ್ಕಾರ ತನಗೆ ತಾನೇ ಹಾಕಿಕೊಂಡ ಗಡುವು, ಕಾಯ್ದೆ ಕೊಟ್ಟ ಹಕ್ಕಲ್ಲ.

ಕಾಯ್ದೆ ಆಗೋದಿತ್ತು. 2011ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಮಂಡನೆ ಆಯಿತು. ದೂರಿಗೆ 2 ದಿನದಲ್ಲಿ ಸ್ವೀಕೃತಿ, 30 ದಿನದಲ್ಲಿ ಪರಿಹಾರ ಅಂತ ಅದರಲ್ಲಿತ್ತು. 2014ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಸತ್ತುಹೋಯಿತು. ತಡದ ವಿರುದ್ಧದ ಮಸೂದೆ ತಡದಿಂದಲೇ ಸತ್ತಿದ್ದು. ಹಾಗಂತ ಇದು ಆಗದ ಮಾತೇನಲ್ಲ. ರಾಜಸ್ಥಾನ 2012ರಲ್ಲೇ ‘ಆಲಿಸುವ ಹಕ್ಕಿನ’ ಕಾಯ್ದೆ ಮಾಡಿತು, ದೂರು ಕೊಟ್ಟವರನ್ನ 15 ದಿನದಲ್ಲಿ ಕರೆದು ಕೇಳಬೇಕು ಅಂತ. ಬಿಹಾರ 2015ರಲ್ಲಿ ಸಾರ್ವಜನಿಕ ಕುಂದುಕೊರತೆಗೆ ಅಂತಲೇ ಕಾಯ್ದೆ ಮಾಡಿ 60 ದಿನದ ಗಡುವು ಹಾಕಿತು. ಪಟ್ಟಿಯಲ್ಲಿರೋ ಸೇವೆಗೆ ಗಡುವು ತಂದ ಕರ್ನಾಟಕ, ಪಟ್ಟಿಯಲ್ಲಿಲ್ಲದ ಪತ್ರಕ್ಕೂ ತರೋದಕ್ಕೆ ಏನು ಅಡ್ಡಿ? ನಾವು ಕೇಳಬೇಕಾದ ಪ್ರಶ್ನೆ ಇದು.

ಅಲ್ಲಿವರೆಗೆ? ಪತ್ರ ಕೊಟ್ಟಾಗ ಬರೀ ಸೀಲು ಸಾಲದು, ಒಳ ಬಂದ ಟಪಾಲಿನ ನಂಬರ್ ಕೇಳಿ ಬರೆಸಿಕೊಳ್ಳಿ. ಸಕಾಲದ ಸೇವೆ ಆಗಿದ್ದರೆ 15 ಅಂಕಿ ಬಿಡಬೇಡಿ. ಒಂದು ತಿಂಗಳು ಕಾಯಿರಿ. ಉತ್ತರ ಇಲ್ಲ ಅಂದ್ರೆ ಜಗಳ ಬೇಡ, ನೆನಪೋಲೆ ಮೇಲೆ ನೆನಪೋಲೆಯೂ ಬೇಡ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಮೂರು ವಿಷಯ ಕೇಳಿ: ನನ್ನ ಈ ನಂಬರಿನ ಪತ್ರ ಯಾವ ಯಾವ ಅಧಿಕಾರಿಯ ಬಳಿ ಎಷ್ಟು ದಿನ ಇತ್ತು, ಅವರ ಹುದ್ದೆ ಏನು, ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ, ಚುಟುಕಾಗಿ ಬರೀರಿ. ಪತ್ರಕ್ಕೆ ಇಲ್ಲದ ಗಡುವು, ಪತ್ರದ ಬಗ್ಗೆ ಕೇಳಿದ ಪ್ರಶ್ನೆಗೆ ಇದೆ. ಎಷ್ಟೋ ಸಲ ಆ ಪ್ರಶ್ನೆ ಹೋದ ಮೇಲೆ ಮಲಗಿದ್ದ ಕಡತ ಎದ್ದು ಓಡಾಡುತ್ತೆ.

ಮನೆಯಲ್ಲಿ ಅಜ್ಜ, ಅಪ್ಪ, ದೊಡ್ಡಪ್ಪ ಯಾರಾದರೂ ಹಳೇ ಸ್ವೀಕೃತಿ ಚೀಟಿಗಳನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟಿದ್ದರೆ ಈ ವಾರ ಒಂದ್ಸಲ ಬಿಚ್ಚಿ ನೋಡಿ. ಬಾಕಿ ಇರೋ ಉತ್ತರಗಳನ್ನ ವಯಸ್ಸಿನ ಪ್ರಕಾರ ಜೋಡಿಸಿ. ಅವರಿಗೆ ಫೋನಲ್ಲಿ ಮಾಹಿತಿ ಹಕ್ಕಿನ ಅರ್ಜಿ ಟೈಪ್ ಮಾಡೋಕೆ ಬರದೇ ಇರಬಹುದು, ನಿಮಗೆ ಬರುತ್ತೆ.

ಮುಂದಿನ ವಾರ ಸಿಗೋಣ. ನಮಸ್ಕಾರ.